ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆ ಲೆಕ್ಕ: ಕೆಲಸ ಎಲ್ಲಿಗೆ ಬಂದಿದೆ

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಗೂಡು ಕಟ್ಟಿ ಮರಿ ಮಾಡುವ ತಿಂಗಳುಗಳಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಅವು ಕಡಿಮೆಯಾಗುತ್ತವೆಯೇ ಎಂಬುದು ನನ್ನ ಪ್ರಶ್ನೆ. ಉತ್ತರಕ್ಕೆ ಬೇಕಾದ ದಾಖಲೆಗಳನ್ನು ಹಕ್ಕಿ ನೋಡುವವರೇ ವರ್ಷಗಳಿಂದ ಬರೆದಿಟ್ಟಿದ್ದಾರೆ.

ಮೊದಲು, ಜೀವಿಗಳು ಕಂಡ ದಾಖಲೆಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಡುವ ಜಾಗತಿಕ ತಾಣವಾದ ಜಿಬಿಐಎಫ್‌ನಿಂದ ದಾಖಲೆಗಳನ್ನು ಇಳಿಸಿಕೊಂಡೆ. ಅಲ್ಲಿ ಪ್ರತಿ ಡೌನ್‌ಲೋಡ್‌ಗೂ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ; ಬಳಸಿದ ದತ್ತಾಂಶ ಯಾವುದೆಂದು ಖಚಿತವಾಗಿ ಹೇಳಲು ಅದು ಬಹಳ ಅನುಕೂಲ. ಆದರೆ ಅಲ್ಲಿರುವ ಇ-ಬರ್ಡ್ (ಹಕ್ಕಿ ನೋಡುವವರು ತಾವು ಕಂಡ ಹಕ್ಕಿಗಳ ಪಟ್ಟಿಗಳನ್ನು ಸಲ್ಲಿಸುವ ತಾಣ) ದಾಖಲೆಗಳಲ್ಲಿ ಹಕ್ಕಿ ಕಂಡ ಜಾಗ ಮತ್ತು ದಿನಾಂಕ ಇರುತ್ತವೆಯೇ ಹೊರತು, ನೋಡಿದವರು ಎಷ್ಟು ಹೊತ್ತು ಇದ್ದರು, ಎಷ್ಟು ದೂರ ನಡೆದರು ಎಂಬ ವಿವರ ಇರುವುದಿಲ್ಲ. ಇದು ಸಣ್ಣ ಕೊರತೆಯಲ್ಲ. ಪ್ರತಿ ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಸಾರ್ವಜನಿಕ ಹಕ್ಕಿ ಎಣಿಕೆ ನಡೆಯುತ್ತದೆ. ಆಗ ಹೆಚ್ಚು ಜನ ಹೊರಡುವುದರಿಂದ ಹಕ್ಕಿ ಹೆಚ್ಚದಿದ್ದರೂ ದಾಖಲೆ ಹೆಚ್ಚಬಹುದು. ಕೊಕ್ಕರೆಬೆಳ್ಳೂರಿನಲ್ಲಿ ಗೂಡುಗಳಿರುವುದೂ ಅದೇ ಕಾಲದಲ್ಲಿ. ಹಾಗಾಗಿ ಬರೀ ದಾಖಲೆಗಳನ್ನು ಎಣಿಸಿದರೆ ನನ್ನ ಪ್ರಶ್ನೆಗೆ ತಲೆಕೆಳಗಾದ ಉತ್ತರ ಬರುವ ಅಪಾಯವಿದೆ.

ಆದ್ದರಿಂದ ಇ-ಬರ್ಡ್‌ಗೇ ಅರ್ಜಿ ಹಾಕಿ ಅದರ ಮೂಲ ದತ್ತಾಂಶವನ್ನೂ ಪಟ್ಟಿಗಳ ವಿವರವಿರುವ ಕಡತವನ್ನೂ ಪಡೆದೆ. ಅದರಲ್ಲಿ ನನಗೆ ಅತ್ಯಂತ ಮುಖ್ಯವಾದದ್ದು ಒಂದೇ ಕಾಲಂ: ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂಬ ಪ್ರಶ್ನೆಗೆ ನೋಡಿದವರು ಹೌದು ಎಂದಿದ್ದರೆ ಅಲ್ಲಿ 1 (ಪೂರ್ಣ ಪಟ್ಟಿ) ಎಂದಿರುತ್ತದೆ, ಇಲ್ಲವಾದರೆ 0 (ಅಪೂರ್ಣ ಪಟ್ಟಿ). ಪೂರ್ಣ ಪಟ್ಟಿಯಲ್ಲಿ ಹೆಜ್ಜಾರ್ಲೆಯ ಹೆಸರಿಲ್ಲದಿದ್ದರೆ ಆ ದಿನ ಅದು ಅವರ ಕಣ್ಣಿಗೆ ಬೀಳಲಿಲ್ಲ ಎಂದು ಧೈರ್ಯವಾಗಿ ಬರೆಯಬಹುದು. ಅಪೂರ್ಣ ಪಟ್ಟಿಯ ಮೌನದಿಂದ ಏನನ್ನೂ ಹೇಳಲಾಗದು. ಜೊತೆಯಾಗಿ ನಡೆದ ಮೂವರು ಒಂದೇ ಪಟ್ಟಿಯನ್ನು ಹಂಚಿಕೊಂಡರೆ ಅದು ಕಡತದಲ್ಲಿ ಮೂರು ಸಲ ಬರುತ್ತದೆ. ಮೂರಕ್ಕೂ ಇರುವ ಗುಂಪು ಸಂಖ್ಯೆ ಒಂದೇ ಆಗಿರುವುದರಿಂದ, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇ-ಬರ್ಡ್ ದತ್ತಾಂಶಕ್ಕಾಗಿಯೇ ಇರುವ ಆಕ್ ಪ್ಯಾಕೇಜ್ ಬಳಸಿ ಒಂದನ್ನು ಮಾತ್ರ ಉಳಿಸಿಕೊಂಡೆ.

ಎಣಿಕೆಯ ಬದಲು ಕೆಲವರು ಎಕ್ಸ್ ಎಂದಷ್ಟೇ ಹಾಕಿರುತ್ತಾರೆ. ಹಕ್ಕಿ ಇತ್ತು ಎಂಬುದಕ್ಕೆ ಅದು ಸಾಕ್ಷಿ, ಎಷ್ಟಿದ್ದವು ಎಂಬುದಕ್ಕಲ್ಲ. ಹೀಗಾಗಿ ಸಂಖ್ಯೆಗಳನ್ನು ಬಿಟ್ಟು, ತಿಂಗಳ ಪೂರ್ಣ ಪಟ್ಟಿಗಳಲ್ಲಿ ಹೆಜ್ಜಾರ್ಲೆ ಕಂಡವು ಶೇಕಡಾ ಎಷ್ಟು ಎಂಬುದನ್ನೇ ಅಳತೆಯಾಗಿ ಇಟ್ಟುಕೊಂಡಿದ್ದೇನೆ. ಗ್ರಾಫ್‌ನಲ್ಲಿ ಪ್ರತಿ ತಿಂಗಳ ಪಕ್ಕದಲ್ಲಿ ಒಟ್ಟು ಪಟ್ಟಿಗಳ ಸಂಖ್ಯೆಯೂ ಇರುತ್ತದೆ. ಅದಿಲ್ಲದ ಶೇಕಡಾವಾರನ್ನು ನಾನು ನಂಬುವುದಿಲ್ಲ.

ಮೂಲ ಕಡತವನ್ನು ಮತ್ತೊಬ್ಬರಿಗೆ ಹಂಚಲು ಇ-ಬರ್ಡ್ ಷರತ್ತುಗಳು ಬಿಡುವುದಿಲ್ಲ, ಆದ್ದರಿಂದ ಕೋಡ್ ಮತ್ತು ತಿಂಗಳವಾರು ಕೋಷ್ಟಕವನ್ನು ಮಾತ್ರ ಹಂಚುತ್ತೇನೆ. ಮುಂದಿನ ಹಂತದಲ್ಲಿ ಮೈಸೂರಿನವೇ ಆದ ಕಾರಂಜಿ ಮತ್ತು ಲಿಂಗಾಂಬುಧಿ ಕೆರೆಗಳನ್ನು ಸೇರಿಸಿಕೊಳ್ಳಲಿದ್ದೇನೆ. ಈ ಕೆರೆಗಳ ಬಳಿ ಬೆಳಿಗ್ಗೆ ನಡೆಯುವವರು, ಹೆಜ್ಜಾರ್ಲೆ ಕಾಣದ ದಿನವೂ ಕಂಡ ಹಕ್ಕಿಗಳ ಪೂರ್ಣ ಪಟ್ಟಿಯನ್ನು ಸಲ್ಲಿಸಬೇಕೆಂದು ಕೋರುತ್ತೇನೆ.