ಮಣಿಕಟ್ಟು ಬಿಡಿಸಿಕೊಳ್ಳಲು ನಾಲ್ಕು ವಾರ

ಮಹಿಳಾ ದಿನದ ಆಸುಪಾಸಿನಲ್ಲಿ ನಡೆಯುವ ಒಂದು ದಿನದ ಆತ್ಮರಕ್ಷಣೆ ಪ್ರದರ್ಶನ ನೋಡಲು ಚೆಂದ. ಹೆಂಚು ಒಡೆಯುತ್ತಾರೆ, ಫೋಟೊ ತೆಗೆಯುತ್ತಾರೆ, ಮುಗಿಯಿತು. ನಾಲ್ಕು ದಿನ ಕಳೆದರೆ ಯಾವ ಕಾಲು ಮುಂದಿತ್ತು ಎಂಬುದೇ ಮರೆತಿರುತ್ತದೆ. ಸರ್ಕಾರಿ ಶಾಲೆಯ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣದಡಿ ಮೂರು ತಿಂಗಳ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿಯಾದರೂ ಇದೆ. ಕೊಡಗಿನಂಥ ಕಾಫಿ ನಾಡಿನಲ್ಲಿ ತೋಟಕ್ಕೆ, ಹೋಂಸ್ಟೇಗೆ, ಅಂಗಡಿಗೆ ಕೆಲಸಕ್ಕೆ ಹೋಗುವವರು ತಾವೇ ಗುಂಪು ಕಟ್ಟಿಕೊಳ್ಳಬೇಕು. ಈ ಬರಹ ಅಂಥ ಗುಂಪಿಗೆ.

ಹನ್ನೆರಡು ಜನರಿಗೆ ಒಬ್ಬರು ತರಬೇತುದಾರರು, ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ, ಎಂಟು ವಾರ. ಒಟ್ಟು 24 ಗಂಟೆ. ಕಲಿಯುವುದು ಐದೇ ಸಂಗತಿ: ಮಣಿಕಟ್ಟು, ಕೂದಲು, ಕುತ್ತಿಗೆ, ಹಿಂದಿನಿಂದ ಅಪ್ಪಿ ಹಿಡಿಯುವುದು, ಬಿದ್ದರೆ ಏಳುವುದು. ಇಪ್ಪತ್ತೈದು ಪಟ್ಟುಗಳನ್ನು ಕಲಿಸುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಸಂಜೆ ಐದರೊಳಗೆ ತರಗತಿ ಮುಗಿಯಲಿ. ಕತ್ತಲಾದ ಮೇಲೆ ಬಸ್ಸೂ ಕಡಿಮೆ, ದಾರಿಯಲ್ಲಿ ಆನೆಯ ಭಯವೂ ಇದ್ದದ್ದೇ.

ಮಣಿಕಟ್ಟನ್ನೇ ನೋಡೋಣ. ಯಾರಾದರೂ ಕೈ ಹಿಡಿದಾಗ ಅವನ ಹೆಬ್ಬೆರಳಿನ ತುದಿಗೂ ಉಳಿದ ಬೆರಳುಗಳ ತುದಿಗೂ ನಡುವೆ ಒಂದು ಸಂದು ಇರುತ್ತದೆ. ಹಿಡಿತ ಬಿಡುವುದು ಅಲ್ಲೇ. ನಾಲ್ಕು ಬೆರಳಿನ ಕಡೆಗೆ ಎಳೆದರೆ ನಿಮ್ಮ ಒಂದು ತೋಳು ಅವನ ಇಡೀ ಮುಷ್ಟಿಯ ಜೊತೆ ಜಗ್ಗಾಡಿದಂತೆ. ಹಾಗಾಗಿ ಮೊದಲು ಹಿಂದಕ್ಕಲ್ಲ, ಅವನ ಕಡೆಗೇ ಅರ್ಧ ಹೆಜ್ಜೆ ಇಡಿ. ಮುಂಗೈಯನ್ನು ತಿರುಗಿಸಿ, ಅದರ ತೆಳು ಅಂಚು ಆ ಸಂದಿಗೆ ನೇರವಾಗಲಿ. ಮೊಣಕೈ ಮಡಚಿ ಅದನ್ನು ಅವನ ಮೊಣಕೈ ಕಡೆ ನೂಕುತ್ತಲೇ, ಸೊಂಟ ತಿರುಗಿಸಿ, ಕೈಯನ್ನು ನಿಮ್ಮ ಭುಜದ ಕಡೆ ತನ್ನಿ. ಅವನು ಎರಡೂ ಕೈಯಿಂದ ಹಿಡಿದಿದ್ದರೆ, ನಿಮ್ಮ ಇನ್ನೊಂದು ಕೈಯನ್ನು ಅವನ ತೋಳುಗಳ ನಡುವೆ ತೂರಿಸಿ ನಿಮ್ಮದೇ ಮುಷ್ಟಿ ಹಿಡಿದು ಅದೇ ರೀತಿ ಎಳೆಯಿರಿ. ಬಿಟ್ಟ ತಕ್ಷಣ ಓಟ. ನಿಂತು ನೋಡುವುದೇ ಹೆಚ್ಚಿನವರು ಮಾಡುವ ತಪ್ಪು.

ಇನ್ನೊಂದು ತಪ್ಪು ಜೊತೆಗಾರ್ತಿಯದು. ಪಾಪ ಎಂದು ಸಡಿಲವಾಗಿ ಹಿಡಿಯುತ್ತಾಳೆ. ಕಲಿತವಳಿಗೆ ಬಂತು ಅನಿಸುತ್ತದೆ, ಬಂದಿರುವುದಿಲ್ಲ. ಮೊದಲ ವಾರ ಸಡಿಲ, ಎರಡು ಮೂರನೇ ವಾರ ಅರ್ಧ ಬಲ, ನಾಲ್ಕನೇ ವಾರ ಪೂರ್ತಿ ಬಲದಿಂದ ಹಿಡಿದು ಎಳೆದುಕೊಂಡೇ ನಡೆಯಬೇಕು. ಗಾಜಿನ ಬಳೆ ತೆಗೆದಿಡಿ. ನಮ್ಮ ಕಡೆ ಇನ್ನೊಂದು ತೊಡಕಿದೆ: ಸ್ವೆಟರ್. ಬರಿಗೈ ಮಳೆಗೆ, ಬೆವರಿಗೆ ಜಾರುತ್ತದೆ. ಉಣ್ಣೆಯ ತೋಳಾದರೆ ಅವನ ಮುಷ್ಟಿಯೊಳಗೆ ಮುದುಡಿ ಕೂರುತ್ತದೆ, ಕೈ ತಿರುಗಿದರೂ ಬಟ್ಟೆ ಬಿಡುವುದಿಲ್ಲ. ಕೊನೆಯ ಎರಡು ವಾರ ಸ್ವೆಟರ್, ಜರ್ಕಿನ್ ಹಾಕಿಕೊಂಡೇ ಅಭ್ಯಾಸ ಮಾಡಿ. ಸೀರೆಯವರು ಸೀರೆಯಲ್ಲೇ. ನೆರಿಗೆ ಹಿಂದಿರುವ ಕೊಡವ ಸೀರೆಯಾಗಲಿ, ಮುಂದಿರುವ ಸೀರೆಯಾಗಲಿ, ಕಾಲು ಸೊಂಟದೆತ್ತರಕ್ಕೆ ಏಳುವುದಿಲ್ಲ. ಆದ್ದರಿಂದ ಒದೆತ ಮೊಣಕಾಲಿನಿಂದ ಕೆಳಗೆ ಮಾತ್ರ. ಗಮ್ ಬೂಟಿನಲ್ಲಿ ಪಾದ ತುಳಿಯಲು ಚೆನ್ನ, ಓಡಲು ಕಷ್ಟ.

ಕೂದಲು ಹಿಡಿದರೆ ತಲೆ ಎಳೆಯಬೇಡಿ, ಅವನ ಕೈಯನ್ನೇ ಎರಡೂ ಕೈಯಿಂದ ತಲೆಗೆ ಒತ್ತಿ ಹಿಡಿಯಿರಿ, ನೋವು ಅರ್ಧ ಇಳಿಯುತ್ತದೆ, ಒದೆಯಲು ಕಾಲುಗಳು ಬಿಡುವಾಗಿರುತ್ತವೆ. ಹೊಡೆಯುವುದು ಅಂಗೈ ಬುಡದಿಂದ. ಅಭ್ಯಾಸವಿಲ್ಲದ ಮುಷ್ಟಿ ಗದ್ದದ ಮೂಳೆಗೆ ತಗುಲಿದರೆ ಮುರಿಯುವುದು ನಿಮ್ಮ ಬೆರಳೇ.

ಜಾಗಕ್ಕೆ ಕಾಫಿ ಒಣಗಿಸುವ ಕಣ ಕಣ್ಣಿಗೆ ಬೀಳುತ್ತದೆ. ಕೊಯ್ಲಿನ ಸಮಯ ಬಿಟ್ಟು ಕಣ ಖಾಲಿ, ಸಿಮೆಂಟು, ವಿಶಾಲ. ಬಿಡಿಸಿಕೊಳ್ಳುವ ಅಭ್ಯಾಸಕ್ಕೆ ಸರಿ. ಬೀಳುವ ಅಭ್ಯಾಸ ಅಲ್ಲಿ ಬೇಡವೇ ಬೇಡ. ಅದಕ್ಕೆ 40 ಮಿಲಿಮೀಟರ್ ದಪ್ಪದ, ಒಂದಕ್ಕೊಂದು ಕೂಡುವ ಮ್ಯಾಟ್ ಬೇಕು. ಮೀಟರ್ ಉದ್ದಗಲದವಾದರೆ ಒಂದು ಜೋಡಿಗೆ ನಾಲ್ಕು, ಆರು ಜೋಡಿಗೆ 24. ಮಳೆಗಾಲದಲ್ಲಿ ಅವನ್ನು ಒಂದರ ಮೇಲೊಂದು ಪೇರಿಸಿಟ್ಟರೆ ವಾರದಲ್ಲಿ ಬೂಸಲು. ಒರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿ, ನಡುವೆ ಗಾಳಿ ಆಡಲಿ.

ಮೈಗಿಂತ ಬಾಯಿ ಕಲಿಯುವುದು ನಿಧಾನ. ‘ಏಯ್, ಕೈ ಬಿಡು!’ ಎಂದು ಹೊಟ್ಟೆಯಿಂದ ಕೂಗಲು ಮೂರನೇ ತರಗತಿಯಲ್ಲೂ ನಗುತ್ತಾರೆ. ನಗಲಿ, ಕೂಗಿಸಿ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತರಬೇತಿ ಬರೀ 12 ಗಂಟೆಯದು. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಈ ತರಬೇತಿ ಇಲ್ಲದವರಲ್ಲಿ ಶೇ. 9.8, ತರಬೇತಿಯ ಗುಂಪಿನಲ್ಲಿ ಶೇ. 5.2 ಇತ್ತು. ಪಟ್ಟುಗಳ ಜೊತೆಗೆ ಅಲ್ಲಿ ಕಲಿಸಿದ್ದು, ಪರಿಚಯದ ಗಂಡಸು ಗೆರೆ ದಾಟುವ ಸೂಚನೆಯನ್ನು ಬೇಗ ಗುರುತಿಸುವುದು ಮತ್ತು ಮುಲಾಜಿಲ್ಲದೆ ಬೇಡ ಎನ್ನುವುದು. ಮೇಸ್ತ್ರಿಗೆ, ಮಾಲೀಕರಿಗೆ, ನೆಂಟರಿಗೆ ಬೇಡ ಎನ್ನುವುದನ್ನು ಹೆಸರಿಟ್ಟೇ ನಾಟಕದಂತೆ ಆಡಿಸಿ ಅಭ್ಯಾಸ ಮಾಡಿಸಬೇಕು.

ಪೆಪ್ಪರ್ ಸ್ಪ್ರೇ ಕೇಳುವವರಿಗೆ: ಹೆಸರು ಮೆಣಸಿನದಾದರೂ ಅದರಲ್ಲಿರುವುದು ನಮ್ಮ ತೋಟದ ಕರಿಮೆಣಸಲ್ಲ, ಮೆಣಸಿನಕಾಯಿಯ ಖಾರ. ಚೀಲದ ತಳದಲ್ಲಿದ್ದರೆ ಇಲ್ಲದಂತೆಯೇ. ಎದುರುಗಾಳಿಗೆ ಹೊಡೆದರೆ ನಿಮ್ಮ ಕಣ್ಣಿಗೇ. ಡಬ್ಬಿಯ ಮೇಲಿನ ಅವಧಿ ಮುಗಿದ ತಾರೀಖನ್ನೂ ನೋಡಿ.

ಕಾನೂನೂ ಒಂದು ತರಗತಿಯಷ್ಟು ಇರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಸ್ವರಕ್ಷಣೆಯ ಹಕ್ಕಿನವು. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಅವನು ಬಿಟ್ಟು ಓಡಿದ ಮೇಲೆ ಕತ್ತಿ ಹಿಡಿದು ಬೆನ್ನಟ್ಟಿದರೆ ಅದು ಸ್ವರಕ್ಷಣೆಯಲ್ಲ.

ಫೋನಿನಲ್ಲಿ ತುರ್ತು ಕರೆಯ 112, ಮಹಿಳಾ ಸಹಾಯವಾಣಿಯ 181 ಇದ್ದರಾಯಿತು ಎನ್ನಬೇಡಿ. ತೋಟದೊಳಗೆ ಸಿಗ್ನಲ್ ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ ಎಂದು ಗುಂಪಿನವರೆಲ್ಲ ಒಮ್ಮೆ ನಡೆದು ನೋಡಿ: ಯಾವ ತಿರುವು, ಯಾವ ಗೇಟು, ಯಾವ ಬಂಡೆ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದ ಕಡೆಯೂ 112 ಒತ್ತಿ ನೋಡುವುದು ಲೇಸು, ಬೇರೆ ಕಂಪನಿಯ ಟವರ್ ಇದ್ದರೆ ಕರೆ ಅದರ ಮೂಲಕ ಹೋದೀತು. ಯಾವ ಟವರೂ ಇಲ್ಲದ ಜಾಗಕ್ಕೆ ಕೊರಳಲ್ಲಿ ಒಂದು ಸೀಟಿ.