ಮುಚ್ಚಳ ಇಲ್ಲದ ಹಂಡೆ

ಪಂಚಮಿಗೆ ಇನ್ನೂ ಎಂಟು ದಿನ ಇತ್ತು. ಹೆಂಡತಿ ಕಪಾಟು ತೆಗೆದು ತನ್ನ ಇಳಕಲ್ ಸೀರೆ ಹೊರಗೆ ಎಳೆದಳು. ಎಳೆದವಳು ಹಾಗೇ ನಿಂತುಬಿಟ್ಟಳು.

"ಏನ್ರೀ, ಸ್ವಲ್ಪ ಇಲ್ಲಿ ಬನ್ನಿ."

ಆ ದನಿ ಕೇಳಿದ ಮೇಲೆ ಹೋಗದೆ ಇರೋಕಾಗುತ್ತಾ? ಸೀರೆಯ ಮಡಿಕೆ ಹಿಡಿದುಕೊಂಡು ಉದ್ದಕ್ಕೂ ಬೂದಿ ಉದುರಿಸಿದ ಹಾಗೆ ಬೂಷ್ಟು ಕೂತಿತ್ತು. ಕಪಾಟಿನ ಹಿಂಬದಿಯ ಪ್ಲೈವುಡ್ಡಿಗೆ ಬೆರಳು ಒತ್ತಿದೆ. ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು. ಇಬ್ಬರೂ ಸೇರಿ ಕಪಾಟನ್ನು ಒಂದಡಿ ಮುಂದಕ್ಕೆ ಜರುಗಿಸಿದೆವು. ಹಿಂದಿನ ಗೋಡೆಯಲ್ಲಿ ನೆಲದಿಂದ ಎದೆಮಟ್ಟದವರೆಗೆ ಕಪ್ಪು, ಹಸಿರು, ಅಲ್ಲಲ್ಲಿ ಹಳದಿ ಚುಕ್ಕಿ. ಹೋದ ವರ್ಷವೇ ಆ ಗೋಡೆಗೆ ಹೊಸ ಬಣ್ಣ ಹೊಡೆಸಿದ್ದೆ. ಆಗಲೂ ಸ್ವಲ್ಪ ಕಪ್ಪಿತ್ತು. ಪೇಂಟರ್ ಕೇಳಿದ್ದಕ್ಕೆ, "ಅದರ ಮೇಲೇ ಹೊಡೀರಿ, ಮುಚ್ಚಿಹೋಗುತ್ತೆ" ಎಂದವನು ನಾನೇ.

ನಾವಿರುವುದು ದಾವಣಗೆರೆಯಲ್ಲಿ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಆರು-ಏಳು ನೂರು ಮಿಲಿಮೀಟರ್ ಆಸುಪಾಸು. ಏಪ್ರಿಲ್‌ನಲ್ಲಿ ತೊಳೆದ ಬಟ್ಟೆ ಹಗ್ಗಕ್ಕೆ ಹಾಕಿ ತಿರುಗುವಷ್ಟರಲ್ಲಿ ಒಣಗಿರುತ್ತದೆ. ಇಂಥ ಊರಲ್ಲಿ ಗೋಡೆಗೆ ಬೂಷ್ಟು ಬಂದರೆ ಯಾರಾದರೂ ಏನಂದುಕೊಳ್ಳುತ್ತಾರೆ? ನಾನೂ ಅದನ್ನೇ ಅಂದುಕೊಂಡೆ. ಎಲ್ಲೋ ಪೈಪ್ ಸೋರುತ್ತಿದೆ. ಆ ಗೋಡೆಯ ನೇರ ಮೇಲೆ ಬಾಡಿಗೆಯವರ ಬಚ್ಚಲು ಇದೆ. ಅಲ್ಲಿಗೆ ನನ್ನ ತನಿಖೆ ಮುಗಿಯಿತು.

ಮೇಲಿನವರು ಗಂಡ, ಹೆಂಡತಿ, ಒಂದು ಪುಟ್ಟ ಮಗು. ಮಾತು ಕಡಿಮೆ, ಬಾಡಿಗೆ ಸರಿಯಾಗಿ ಐದನೇ ತಾರೀಕಿಗೆ. ಅವರ ಹತ್ತಿರ ಹೋಗಿ, "ಬಚ್ಚಲಲ್ಲಿ ನೀರು ನಿಲ್ಲಿಸ್ತೀರೇನ್ರೀ" ಎಂದು ಕೇಳಿದೆ. ಕೇಳಿದ ರೀತಿ ಚೆನ್ನಾಗಿರಲಿಲ್ಲ, ಈಗ ಒಪ್ಪುತ್ತೇನೆ. ಪ್ಲಂಬರ್ ಕರೆಸಿದೆ. ನಾಲ್ಕು ಟೈಲ್ಸ್ ಒಡೆಸಿದೆ. ಪಾಪ, ಆ ಸಂಸಾರ ಎರಡು ದಿನ ಸ್ನಾನಕ್ಕೆ ನೆಂಟರ ಮನೆಗೆ ಹೋಗಿ ಬಂತು.

ಪ್ಲಂಬರ್ ಕೆಳಗೆ ಬಂದು ಕೈ ಒರೆಸಿಕೊಂಡ. "ಸಾರ್, ಮ್ಯಾಲೆ ಹನಿ ನೀರಿಲ್ಲ ನೋಡ್ರಿ. ಪೈಪ್ ಗಟ್ಟಿ ಐತಿ." ನನಗೆ ನಂಬಿಕೆ ಬರಲಿಲ್ಲ. ಅವನೇ ಒಂದು ಉಪಾಯ ಹೇಳಿದ. ಅಂಗೈಯಷ್ಟು ಜಾಗ ಒರೆಸಿ, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಕಡೆ ಟೇಪ್ ಸುತ್ತಿ ಎರಡು ದಿನ ಬಿಡಬೇಕು. ಹಾಳೆಯ ಒಳಗಡೆ ತೇವ ಕಂಡರೆ ಅದು ಗೋಡೆಯಿಂದ ಬಂದ ನೀರು. ಹೊರಗಡೆ ಕಂಡರೆ ಕೋಣೆಯ ಗಾಳಿಯಿಂದ ಬಂದ ನೀರು. ಎರಡು ದಿನ ಬಿಟ್ಟು ಬೆಳಗ್ಗೆ ನೋಡಿದೆ. ಹೊರಗಡೆ ಮಂಜು ಕೂತ ಹಾಗೆ ಸಣ್ಣ ಸಣ್ಣ ಹನಿ. ಟೇಪ್ ಕಿತ್ತರೆ ಒಳಗೆ ಒಣಗಿದ ಗೋಡೆ. ಗಾಳಿಯಲ್ಲಿ ನೀರು ಎಲ್ಲಿಂದ ಬರುತ್ತೆ ಎಂದು ತಲೆ ಕೆರೆದುಕೊಂಡು ನಿಂತೆ. ನನ್ನ ಬೆನ್ನ ಹಿಂದೆ ಮೀನಿನ ತೊಟ್ಟಿ ಗುಳುಗುಳು ಎನ್ನುತ್ತಿತ್ತು. ಆಗಲೂ ಹೊಳೆಯಲಿಲ್ಲ!

ಹಬ್ಬಕ್ಕೆ ಅತ್ತೆ ಬಂದರು. ಅವರು ತೀರ್ಥಹಳ್ಳಿ ಕಡೆಯವರು. ಆಗುಂಬೆ ಅದೇ ತಾಲ್ಲೂಕು, ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ ದಾಟುವುದುಂಟು. ಬೂಷ್ಟಿನ ವಿಷಯದಲ್ಲಿ ಅವರ ಮುಂದೆ ನಾವೆಲ್ಲ ಎಳೆ ಮಕ್ಕಳು. ಕೋಣೆಯ ಬಾಗಿಲಲ್ಲೇ ನಿಂತು ಒಮ್ಮೆ ಮೂಗೆಳೆದರು. "ಇದೇನು, ನಿಮ್ಮೂರಲ್ಲಿ ನಮ್ಮೂರಿನ ವಾಸನೆ!" ಎಂದರು. ಮುಗ್ಗು ವಾಸನೆ. ನಮಗೆ ದಿನಾ ಅದರಲ್ಲೇ ಇದ್ದು ಮೂಗು ಹೊಂದಿಕೊಂಡಿತ್ತು.

ರಾತ್ರಿ ಮಲಗುವ ಮುಂಚೆ ಎರಡು ಸ್ಟೀಲ್ ಬಟ್ಟಲಲ್ಲಿ ಒಂದೊಂದು ಹಿಡಿ ಕಲ್ಲುಪ್ಪು ಹಾಕಿ, ಒಂದನ್ನು ಅಡುಗೆಮನೆಯಲ್ಲಿ, ಇನ್ನೊಂದನ್ನು ಆ ಕೋಣೆಯಲ್ಲಿ ಇಟ್ಟರು. ದೃಷ್ಟಿ ತೆಗೆಯೋಕೇನೋ ಅಂದುಕೊಂಡು ನಾನು ಸುಮ್ನೆ ಇದ್ದೆ. ಬೆಳಗ್ಗೆ ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದರು. ಅಡುಗೆಮನೆಯದ್ದು ಗರಿಗರಿ. ಕೋಣೆಯದ್ದು ಬೆವೆತು, ಹರಳುಗಳ ಮೂಲೆ ಕರಗಿ, ಬಟ್ಟಲ ತಳದಲ್ಲಿ ನೀರು. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ಹೀಗೆ ನೀರೊಡೆಯುತ್ತದಂತೆ, ಇದನ್ನು ಆಮೇಲೆ ಮಗಳು ಹೇಳಿದಳು. ಬೂಷ್ಟು ಬೆಳೆಯೋಕೆ ಅಷ್ಟು ತೇವವೇ ಧಾರಾಳ. ಸೋರುವ ಪೈಪೇನೂ ಬೇಕಿಲ್ಲ.

ಅತ್ತೆ ತೊಟ್ಟಿಗಳ ಹತ್ತಿರ ಹೋದರು. ಮೂರು ತೊಟ್ಟಿ. 2020ರ ಲಾಕ್‌ಡೌನ್ ಮುಗಿದ ಮೇಲೆ ಮಗಳಿಗಾಗಿ ತಂದದ್ದು ಒಂದು. ಅವಳು ಹಾಸ್ಟೆಲ್ ಸೇರಿದ ಮೇಲೆ ಬಂದದ್ದು ಎರಡು, ಅವು ಯಾರಿಗಾಗಿ ಅಂತ ಕೇಳಬೇಡಿ. ದೊಡ್ಡದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಏಂಜೆಲ್ ಮೀನು ಇರುವುದು ಅದರಲ್ಲೇ. ಅದರ ಪ್ಲಾಸ್ಟಿಕ್ ಮುಚ್ಚಳ ಹೋದ ವರ್ಷ ಮುರಿದಿತ್ತು. ಇರಲಿ, ಮೀನಿಗೆ ಗಾಳಿ ಚೆನ್ನಾಗಿ ಆಡುತ್ತೆ ಎಂದು ಬಿಟ್ಟಿದ್ದೆ. ಅತ್ತೆ ನೀರಿಗೆ ಬೆರಳು ಅದ್ದಿದರು.

"ಬೆಚ್ಚಗಿದೆಯಲ್ಲ?"

"ಹೀಟರ್ ಇದೆ ಅತ್ತೆ."

"ಹಾಗಾದರೆ ಬಚ್ಚಲ ಹಂಡೆಗೆ ಬೆಂಕಿ ಹಾಕಿ ಮುಚ್ಚಳ ತೆಗೆದಿಟ್ಟಿದ್ದೀರಿ ಅನ್ನಿ. ಅದೂ ಬಟ್ಟೆ ಇಡುವ ಕೋಣೆಯಲ್ಲಿ, ಕಿಟಕಿ ಬೇರೆ ಹಾಕಿಕೊಂಡು."

ನನ್ನ ಬಾಯಿ ಕಟ್ಟಿತು. ಹೀಟರ್ 30 ಡಿಗ್ರಿಯಲ್ಲಿತ್ತು. ಜನವರಿಯಲ್ಲಿ ಮೀನುಗಳಿಗೆ ಬಿಳಿ ಚುಕ್ಕಿ ರೋಗ ಬಂದಾಗ ಔಷಧಿಯ ಜೊತೆ ಶಾಖ ಏರಿಸಿದ್ದೆ. ರೋಗ ಹೋಯಿತು, ಇಳಿಸೋದು ಮರೆತೆ. ಬೇಸಿಗೆಯಲ್ಲಿ ಗೊತ್ತಾಗಲಿಲ್ಲ. ಆಷಾಢದ ಜಿಟಿಜಿಟಿ ಶುರುವಾಗಿ ಹೊರಗೆ ತಣ್ಣಗಾದಾಗ ನೀರು ಬೆಚ್ಚಗೇ ಇತ್ತು. ನೀರಿಗೂ ಗಾಳಿಗೂ ಶಾಖದ ಅಂತರ ಹೆಚ್ಚಿದಷ್ಟೂ ಆವಿ ಜಾಸ್ತಿ. ಆ ಆವಿ ಹೋಗಿ ಕೂರುವುದು ಕೋಣೆಯ ಅತಿ ತಣ್ಣನೆ ಜಾಗದಲ್ಲಿ. ನಮ್ಮಲ್ಲಿ ಅದು ಬಿಸಿಲೇ ಕಾಣದ ಉತ್ತರದ ಗೋಡೆ. ಅದಕ್ಕೆ ಒತ್ತಿಕೊಂಡೇ ಕಪಾಟು. ಹಿಂದೆ ಗಾಳಿಯಾಡಲು ಬೆರಳು ತೂರುವಷ್ಟೂ ಸಂದಿಲ್ಲ. ಸಾಲದ್ದಕ್ಕೆ ಮಳೆಗಾಲದಲ್ಲಿ ಒದ್ದೆ ಬಟ್ಟೆ ಹರಡುವುದೂ ಅದೇ ಕೋಣೆಯಲ್ಲಿ.

ಎಷ್ಟು ನೀರು ಹೋಗುತ್ತಿದೆ ಅಂತ ನೋಡೋಣವೆಂದು ಗಾಜಿಗೆ ಟೇಪ್ ಅಂಟಿಸಿ ಗೆರೆ ಎಳೆದೆ. ಮೂರು ದಿನಕ್ಕೆ ಒಂದು ಸೆಂಟಿಮೀಟರ್ ಇಳಿಯಿತು. ಇಷ್ಟೇನಾ ಅನ್ನಿಸಿತು. ಹಬ್ಬಕ್ಕೆ ಬಂದಿದ್ದ ಮಗಳು ಫೋನಿನಲ್ಲಿ ಲೆಕ್ಕ ಹಾಕಿದಳು. ಅಷ್ಟಗಲದ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಐದೂವರೆ ಲೀಟರ್. ದಿನಕ್ಕೆ ಹತ್ತಿರ ಹತ್ತಿರ ಎರಡು ಲೀಟರ್. "ಅಪ್ಪಾ, ಈ ಹತ್ತು-ಹನ್ನೆರಡು ಅಡಿ ಕೋಣೆಯ ಗಾಳಿ 25 ಡಿಗ್ರಿಯಲ್ಲಿ ತುಂಬಿ ತುಳುಕಿದರೂ ಹಿಡಿಯೋದು ಮುಕ್ಕಾಲು ಲೀಟರಿಗಿಂತ ಒಂಚೂರು ಜಾಸ್ತಿ ನೀರು ಅಷ್ಟೇ. ಮಿಕ್ಕಿದ್ದು ಅಮ್ಮನ ಸೀರೆ ಕುಡಿದಿದೆ." ಇದು ದೊಡ್ಡ ತೊಟ್ಟಿಯ ಲೆಕ್ಕ ಮಾತ್ರ. ಗಪ್ಪಿಗಳ ಎರಡು ತೊಟ್ಟಿ ಬೇರೆ. ದಿನಾ ಬೆಳಗ್ಗೆ ಒಂದು ಚೊಂಬು ಹೆಚ್ಚಿಗೆ ಸುರಿದು ನೀರು ಸರಿಮಾಡುತ್ತಿದ್ದವನು ನಾನೇ. ಹಿಂದಿನ ದಿನ ಸುರಿದದ್ದು ಎಲ್ಲಿ ಹೋಯಿತು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಹಬ್ಬದ ಮಾರನೇ ದಿನವೇ ಕೆಲಸ ಹಿಡಿದೆ. ಗಾಜಿನ ಅಂಗಡಿಯಲ್ಲಿ ಐದು ಎಂಎಂ ಗಾಜನ್ನು ಅಳತೆಗೆ ಎರಡು ತುಂಡು ಕೊಯ್ಸಿ, ಅಂಚು ಉಜ್ಜಿಸಿ ತಂದೆ. ಒಂದು ಮೂಲೆ ಮಾತ್ರ ಕತ್ತರಿಸಿದ್ದು, ಪಂಪಿನ ಪೈಪಿಗೂ ಗಾಳಿಗೂ. ಹೀಟರನ್ನು ದಿನಕ್ಕೊಂದು ಡಿಗ್ರಿಯಂತೆ 26ಕ್ಕೆ ಇಳಿಸಿದೆ. ಏಂಜೆಲ್ ಮೀನಿಗೆ ಅದೇ ಹಿತ.

ಗೋಡೆ ಒರೆಸುವಾಗ ಒಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಬ್ಲೀಚ್ ತಂದು ಸ್ಪ್ರೇ ಬಾಟಲಿಗೆ ತುಂಬಿದ್ದೆ. ಹೊಡೆಯಬೇಕು ಅನ್ನುವಷ್ಟರಲ್ಲಿ ಕಿವಿಯ ಪಕ್ಕ ಗಾಳಿ ಪಂಪ್ ಝೇಂಕರಿಸಿತು. ಅದು ಎಳೆಯುವುದು ಇದೇ ಕೋಣೆಯ ಗಾಳಿಯನ್ನು, ಕಳಿಸುವುದು ನೇರ ಮೀನಿನ ನೀರಿಗೆ. ಬಾಟಲಿ ಕೆಳಗಿಟ್ಟೆ. ಪಂಪ್ ಆಫ್ ಮಾಡಿ, ತೊಟ್ಟಿಗಳಿಗೆ ಬೆಡ್‌ಶೀಟ್ ಹೊದಿಸಿ, ಕರೋನಾ ಕಾಲದ ಮಾಸ್ಕ್ ಹುಡುಕಿ ಹಾಕಿಕೊಂಡು, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಒಣ ಬ್ರಷ್‌ನಲ್ಲಿ ಉಜ್ಜಿದರೆ ಪುಡಿ ಮನೆ ತುಂಬ ಹಾರುತ್ತದೆ ಎಂದು ಅತ್ತೆ ಮೊದಲೇ ಹೇಳಿದ್ದರು. ಕಪಾಟಿನ ಹಿಂಬದಿಯ ಪ್ಲೈವುಡ್ ಉಳಿಸಿಕೊಳ್ಳುವ ಹಾಗಿರಲಿಲ್ಲ. ಅದನ್ನು ಕಿತ್ತು ಹೊಸದು ಹಾಕಿಸಿ, ಈಗ ಬೇರೆ ಗೋಡೆಗೆ ನಾಲ್ಕು ಬೆರಳು ಜಾಗ ಬಿಟ್ಟು ನಿಲ್ಲಿಸಿದ್ದೇವೆ. ಕಿಟಕಿಗೆ ಸೊಳ್ಳೆ ಜಾಲರಿ ಬಂತು. ಮಳೆ ಬಿಟ್ಟ ಹೊತ್ತಲ್ಲಿ, ಹೆಚ್ಚಾಗಿ ಮಧ್ಯಾಹ್ನ, ಅದು ತೆರೆದಿರುತ್ತದೆ. ಬಣ್ಣ ಮಾತ್ರ ಗೋಡೆ ಪೂರ್ತಿ ಒಣಗುವವರೆಗೆ ಬೇಡ ಎಂದು ಬಿಟ್ಟಿದ್ದೇನೆ. ಬಂದವರಿಗೆ ಕಲೆ ಕಾಣುತ್ತದೆ, ಕಾಣಲಿ.

ಸೀರೆಯನ್ನು ಹೆಂಡತಿ ನೆರಳಲ್ಲಿ ಒಣಗಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಹಬ್ಬಕ್ಕೇ ಉಟ್ಟಳು. ರೇಷ್ಮೆ ಸೆರಗಿನಲ್ಲಿ ಎರಡು ಮಾಸಲು ಚುಕ್ಕಿ ಉಳಿದೇಬಿಟ್ಟವು. ಸೆರಗನ್ನು ಅವಳು ಹೇಗೋ ಒಳಮಡಿಕೆ ಮಾಡಿಕೊಂಡಿದ್ದಳು. ಉಯ್ಯಾಲೆ ಆಡುವಾಗ ಬಿಚ್ಚಿಕೊಂಡಿತು. ನನ್ನ ಕಡೆ ಒಂದು ನೋಟ ಬಂತು.

ಮೇಲಿನ ಮನೆಗೆ ಹೊಸ ಟೈಲ್ಸ್ ಹಾಕಿಸಿಕೊಟ್ಟು, ಉಂಡೆಯ ಡಬ್ಬಿ ಹಿಡಿದು ಹೋದೆ. ಆ ತಿಂಗಳ ಬಾಡಿಗೆ ಬೇಡ ಎಂದೆ. ಅವರು ಒಪ್ಪಲಿಲ್ಲ, ಅರ್ಧಕ್ಕೆ ಮಾತು ಮುಗಿಯಿತು. ತಪ್ಪು ಮೀನಿನದ್ದು ಅಂತ ಹೇಳಲು ಹೋಗಿ, ನನ್ನದು ಅಂತ ಹೇಳಿ ಬಂದೆ.

ಈಗ ಗಾಜಿನ ಮುಚ್ಚಳದ ಅಡಿಯಲ್ಲಿ ಹನಿಗಳು ಕೂಡಿಕೊಂಡು, ಭಾರವಾಗಿ, ತಿರುಗಿ ತೊಟ್ಟಿಗೇ ಬೀಳುತ್ತವೆ. ಗೆರೆ ಎಳೆದು ಹತ್ತು ದಿನವಾಯಿತು, ಇನ್ನೂ ಒಂದು ಸೆಂಟಿಮೀಟರ್ ಇಳಿದಿಲ್ಲ. ಉಪ್ಪಿನ ಬಟ್ಟಲು ಕಪಾಟಿನ ಮೇಲೇ ಇದೆ. ಅತ್ತೆ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಮೀನು ಹೇಗಿವೆ ಅಂತ ಕೇಳಲ್ಲ, ನಾನು ಹೇಗಿದ್ದೀನಿ ಅಂತಲೂ ಕೇಳಲ್ಲ. "ಉಪ್ಪು ಹೇಗಿದೆ?" ಅಂತ ಕೇಳುತ್ತಾರೆ.