ದವನಕ್ಕೆ ಯೂರಿಯಾ ಹಾಕಿಸಿದವನು ನಾನೇ

ತಮಿಳುನಾಡಿನ ಹೊಸೂರು ಹತ್ತಿರದ ತಳಿ, ದೇಂಕಣಿಕೋಟೆ ಊರುಗಳ ಕಡೆಯ ರೈತರ ಹತ್ತಿರ ದವನ ಬೆಳೆಸಿ, ಎಣ್ಣೆ ತೆಗೆಯುವ ಘಟಕಕ್ಕೆ ಕಳಿಸುವುದು ನನ್ನ ಕೆಲಸ. ಸೇರಿದ ಮೊದಲ ವರ್ಷ ಮಾಡಿದ ಎಡವಟ್ಟು ಇದು.

ಬೀಜ ಹಾಕಿದ್ದು ನವೆಂಬರಿನಲ್ಲಿ. ದವನದ ಬೀಜ ಎಷ್ಟು ಸಣ್ಣದೆಂದರೆ ಮರಳು ಬೆರೆಸದೆ ಎರಚಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಹಳೇ ಬೀಜ ಸರಿಯಾಗಿ ಮೊಳೆಯುವುದೂ ಇಲ್ಲ. ಅದೆಲ್ಲ ಸರಿಯಾಗಿಯೇ ಮಾಡಿದ್ದೆವು. ಸಸಿ ನೆಟ್ಟೆವು, ಗಿಡ ಹಿಡಿಯಿತು. ಜನವರಿಯಲ್ಲಿ ಒಬ್ಬ ಯಜಮಾನರು ಫೋನ್ ಮಾಡಿದರು. "ಗಿಡ ಯಾಕೋ ಡಲ್ ಆಗಿದೆ ಕಣಪ್ಪಾ, ಒಂದು ಮೂಟೆ ಯೂರಿಯಾ ಹಾಕ್ಲಾ?" ಹೋಗಿ ನೋಡದೆ, ಬೈಕ್ ಮೇಲೆ ಕೂತೇ "ಹಾಕಿ ಗೌಡ್ರೇ" ಅಂದೆ.

ಹದಿನೈದು ದಿನ ಬಿಟ್ಟು ಹೋದರೆ ಹೊಲ ನೋಡಲು ಎರಡು ಕಣ್ಣು ಸಾಲದು. ಸುತ್ತಲಿನವರ ದವನಕ್ಕಿಂತ ಎತ್ತರ, ಮೆತ್ತಗೆ, ದಟ್ಟ ಹಸಿರು. ನಾನೂ ಫೋಟೋ ತೆಗೆದು ಆಫೀಸಿಗೆ ಕಳಿಸಿದೆ, ನಾಚಿಕೆಯಿಲ್ಲದೆ. ಪಕ್ಕದ ಹೊಲದಲ್ಲಿ ಹೂವು ಬಿಟ್ಟಿತ್ತು, ನಮ್ಮದರಲ್ಲಿ ಇಲ್ಲ. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ದವನದ ಹೂವು ಗೊತ್ತಲ್ಲ, ಸೇವಂತಿಗೆ ಕುಟುಂಬದ್ದೇ ಆದರೂ ಎಸಳೇ ಕಾಣದು, ಸಾಸಿವೆಗಿಂತ ತುಸು ದೊಡ್ಡ ಹಳದಿ ಗುಂಡು ಅಷ್ಟೇ. ಹೊಸಬರಿಗೆ ಇದು ಹೂವು ಅಂದರೆ ನಂಬುವುದೂ ಇಲ್ಲ.

ಆದರೆ ಎಣ್ಣೆ ಜಾಸ್ತಿ ಇರುವುದು ಆ ಗುಂಡಿನಲ್ಲೇ. ಎಲೆಯಲ್ಲಿ ಅದಕ್ಕಿಂತ ಕಡಿಮೆ, ಕಾಂಡದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಮೊಗ್ಗು ಕಟ್ಟುವ ಹೊತ್ತಿಗೆ ಸಾರಜನಕ ಸಿಕ್ಕಿದರೆ ಗಿಡ ಹೂವಿನ ಕಡೆ ತಿರುಗುವುದು ಬಿಟ್ಟು ಎಲೆ, ಕಾಂಡ ಬೆಳೆಸುತ್ತಾ ಕೂರುತ್ತದೆ. ಒಂದು ಮೂಟೆ ಯೂರಿಯಾ ಅಂದರೆ 45 ಕೆಜಿ, ಅದರಲ್ಲಿ 46% ಸಾರಜನಕ, ಹತ್ತಿರ ಹತ್ತಿರ 21 ಕೆಜಿ. ಯಜಮಾನರದ್ದು ಒಂದೇ ಎಕರೆ. ಹೂವು ತಡವಾಯಿತು, ಅದೂ ಒಂದೇ ಸಮ ಬರಲಿಲ್ಲ. ಕಾಯುತ್ತಾ ಕೂತು ಮಾರ್ಚ್ ಬಂತು, ಬಿಸಿಲು ಏರಿತು. ಚಳಿಯಲ್ಲಿ ಹೂ ಬಿಟ್ಟ ದವನದ ಎಣ್ಣೆ ಬಿಸಿಲಿನ ದವನದಲ್ಲಿ ಸಿಗುವುದಿಲ್ಲ.

ಕೊಯ್ದು, ನೆರಳಲ್ಲಿ ಬಾಡಿಸಿ, ಹಬೆಗೆ ಹಾಕಿದೆವು. ಸೊಪ್ಪಿನ ತೂಕ ಪಕ್ಕದ ಹೊಲಕ್ಕಿಂತ ಜಾಸ್ತಿ, ಎಣ್ಣೆ ಅವರದರ ಅರ್ಧವೂ ಇಲ್ಲ. ಬಾಯ್ಲರ್ ನೋಡಿಕೊಳ್ಳುವ ತಾತ ಹೊರಗೆ ತೆಗೆದ ಸೊಪ್ಪನ್ನು ಕೈಯಲ್ಲಿ ಹಿಸುಕಿ, "ಇದು ದವನ ಅಲ್ಲ ಮಗಾ, ಹಸುವಿನ ಮೇವು" ಅಂದರು. ನಮ್ಮಲ್ಲಿ ದುಡ್ಡು ಎಣ್ಣೆಯ ಲೆಕ್ಕದಲ್ಲಿ. ಯಜಮಾನರು ಬೈಯಲಿಲ್ಲ. ಕಾಫಿ ಕೊಟ್ಟು ಕಳಿಸಿದರು, ಬೈದಿದ್ದರೇ ಚೆನ್ನಾಗಿತ್ತು.

ಈಗ ನಾನು ಹೇಳುವುದು ಹೀಗೆ: ಕೊಟ್ಟಿಗೆ ಗೊಬ್ಬರ, ರಂಜಕ, ಪೊಟ್ಯಾಶ್ ಎಲ್ಲ ನೆಡುವಾಗಲೇ ಮಣ್ಣಿಗೆ ಸೇರಲಿ. ಯೂರಿಯಾ ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಸಲ, ಗಿಡ ಚಿಕ್ಕದಿರುವಾಗ. ಮೊಗ್ಗಿನ ತುದಿ ಕಂಡ ಮೇಲೆ ಕೈ ಕಟ್ಟಿ ಕೂರಿ. ಆ ಹೊತ್ತಿಗೆ ಗಿಡ ಡಲ್ ಕಂಡರೆ ಮೊದಲು ನೀರು, ಬೇರು ನೋಡಿ. ಯಜಮಾನರ ಗಿಡಕ್ಕೂ ಹಸಿವು ಇರಲಿಲ್ಲ, ಮೂಲೆಯಲ್ಲಿ ನೀರು ನಿಂತಿತ್ತು, ಅಷ್ಟೇ. ಹೋಗಿ ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು.

ಹಾರಕ್ಕೆ ಹೋಗುವ ದವನದ ಕಥೆ ಬೇರೆ. ಅಲ್ಲಿ ಹೂವು ಬರುವ ಮೊದಲೇ ಕೊಯ್ಯುವುದು, ಎಲೆ ಹಸಿರಾಗಿರಬೇಕು. ಯಜಮಾನರು ಈಗ ಹೊಲದ ಅಂಚಿನ ನಾಲ್ಕು ಸಾಲು ಅದಕ್ಕೇ ಬಿಟ್ಟಿದ್ದಾರೆ, ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಕಳಿಸುತ್ತಾರೆ. ಅದಕ್ಕೆ ಯೂರಿಯಾ ಹಾಕುವಾಗ ಮಾತ್ರ ನನಗೆ ಫೋನ್ ಮಾಡುವುದಿಲ್ಲ.